ಕ್ಯೂ ಉದ್ದ ಇದ್ದರೆ ದೋಸೆ ರುಚಿ ಇರಲೇಬೇಕಾ?

ಪೇಟೆಯ ದೊಡ್ಡ ಹೆಸರಿನ ಹೋಟೆಲಿಗೆ ಹೋಗಿ ಬಂದವರನ್ನು "ಹೆಂಗಿತ್ತು?" ಅಂತ ಕೇಳಿ ನೋಡಿ. ಮೊದಲು "ಸೂಪರ್" ಅಂತಾರೆ. ಆಮೇಲೆ ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು, "ನಿಜ ಹೇಳಬೇಕು ಅಂದ್ರೆ, ಜನ ಹೇಳುವಷ್ಟೇನಿಲ್ಲ" ಅಂತಾರೆ.

ಈ ಎರಡನೇ ಮಾತನ್ನು ಯಾಕೆ ಇಷ್ಟು ಮೆಲ್ಲಗೆ ಹೇಳ್ತೀವಿ? ಬಸ್ಸಿಗೆ ದುಡ್ಡು ಕೊಟ್ಟು ಹೋಗಿರುತ್ತೇವೆ. ಮುಕ್ಕಾಲು ಗಂಟೆ ನಿಂತಿರುತ್ತೇವೆ. ತಟ್ಟೆ ಮುಂದೆ ಬಂದ ಕೂಡಲೇ ಫೋಟೋ ತೆಗೆದು ಸ್ಟೇಟಸ್ ಹಾಕಿರುತ್ತೇವೆ. ಇಷ್ಟೆಲ್ಲ ಆದ ಮೇಲೆ ಚೆನ್ನಾಗಿಲ್ಲ ಅಂದರೆ ಮರ್ಯಾದೆ ಹೋಗುವುದು ನಮ್ಮದೇ ಅನ್ನಿಸುತ್ತದೆ.

ನಮ್ಮೂರಿಂದ ದಾವಣಗೆರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಇಲ್ಲವೇ ಎಪಿಎಂಸಿಗೆ. ಹೋದವರು ಬೆಣ್ಣೆ ದೋಸೆ ತಿನ್ನದೆ ವಾಪಸ್ ಬರುವುದಿಲ್ಲ. ಹೋದ ವರ್ಷ ಅಪ್ಪನ ಕಣ್ಣು ತೋರಿಸಲು ಹೋಗಿದ್ದಾಗ, ಫೋನಿನಲ್ಲಿ ಎಲ್ಲರೂ ತೋರಿಸುತ್ತಿದ್ದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಹೊರಗೆ ಜಾತ್ರೆಯಂಥ ಜನ. ಒಳಗೆ ಕೂತ ಮೇಲೂ ನೆಮ್ಮದಿ ಇಲ್ಲ. ನಾವು ತಿನ್ನುವುದನ್ನೇ ನೋಡುತ್ತಾ, ಯಾವಾಗ ಏಳ್ತಾರೋ ಅಂತ ಕುರ್ಚಿ ಹಿಂದೆ ಇಬ್ಬರು ನಿಂತಿದ್ದರು.

ದೋಸೆ ಬಂತು. ಮೇಲೆ ಬೆಣ್ಣೆ ಉಂಡೆ ಇತ್ತು. ಅದು ಕರಗಲೇ ಇಲ್ಲ. ಬೆಣ್ಣೆ ಕರಗದಷ್ಟು ಆರಿದ ಬೆಣ್ಣೆ ದೋಸೆ! ಅಂಚು ಮೆತ್ತಗೆ, ನಡುವೆ ಅಂಟಂಟು, ಚಟ್ನಿ ನೀರು. ಅಪ್ಪ ಪೂರ್ತಿ ತಿಂದ. "ಚೆನ್ನಾಗೈತೆ ಕಣಮ್ಮ" ಅಂದ. ಬಸ್ಸು ಊರು ದಾಟಿದ ಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡು, "ಅಷ್ಟು ಜನ ಬರ್ತಾರೆ ಅಂದ್ಮೇಲೆ ರುಚಿ ಇದ್ದೇ ಇರ್ತದೆ. ನಮ್ಮದು ಹಳ್ಳಿ ನಾಲಿಗೆ, ಅದಕ್ಕೇನು ತಿಳೀತದೆ" ಅಂದ.

ಹಾಲಿಗೆ ನೀರು ಬೆರೆಸಿದ್ದರೆ ಒಂದೇ ಗುಟುಕಿಗೆ ಹೇಳುವ ಮನುಷ್ಯ ಅವನು. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರೆ ಜೋಳ ಈ ವರ್ಷದ್ದೋ ಹೋದ ವರ್ಷದ್ದೋ ಅಂತ ಹೇಳ್ತಾನೆ. ಅಂಥವನು ಒಂದು ಆರಿದ ದೋಸೆಗಾಗಿ ತನ್ನ ನಾಲಿಗೆಯನ್ನೇ ಬೈದುಕೊಂಡ. ಅವತ್ತು ದೋಸೆಗೆ ಎಷ್ಟು ಕೊಟ್ಟೆ ಅನ್ನುವುದು ಮರೆತುಹೋಗಿದೆ. ಆ ಮಾತು ಮಾತ್ರ ಮರೆತಿಲ್ಲ.

ಹಾಗಂತ ಬೆಣ್ಣೆ ದೋಸೆಯ ಹೆಸರೇ ಸುಳ್ಳು ಅಂತಲ್ಲ. ಚಿಕ್ಕದಾಗಿ, ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಹಿಟ್ಟಿಗೆ ಅಕ್ಕಿ, ಉದ್ದಿನ ಬೇಳೆ ಜೊತೆ ಮಂಡಕ್ಕಿಯೂ ಬೀಳುತ್ತದೆ. ಸರಿಯಾಗಿ ಮಾಡಿದರೆ ಅದರ ಮುಂದೆ ಬೇರೆ ದೋಸೆ ನಿಲ್ಲುವುದಿಲ್ಲ. ದಾವಣಗೆರೆಯಲ್ಲಿ ಹಾಗೆ ಮಾಡುವವರು ಈಗಲೂ ಇದ್ದಾರೆ.

ಕೆಡುವುದು ಎಲ್ಲಿ ಅಂದರೆ ಕಾವಲಿಯ ಮೇಲೆ. ಕಬ್ಬಿಣದ ಕಾವಲಿ ಕಾದಿರಬೇಕು. ತಣ್ಣನೆಯ ಹಿಟ್ಟು ಬಿದ್ದಾಗ ಅದರ ಕಾವು ಇಳಿಯುತ್ತದೆ, ಮತ್ತೆ ಏರಲು ಸ್ವಲ್ಪ ಹೊತ್ತು ಬೇಕು. ಹೊರಗೆ ನೂರು ಜನ ಕಾಯುತ್ತಿದ್ದರೆ ಆ ಹೊತ್ತು ಕೊಡುವವರು ಯಾರು? ತೆಗೆದ ಕೂಡಲೇ ಇನ್ನೊಂದು ಸಾಲು ಹುಯ್ಯುತ್ತಾರೆ. ದೋಸೆ ಕೆಂಪಗೆ ಆಗುವ ಬದಲು ಹಬೆಯಲ್ಲಿ ಬೆಂದ ಹಾಗಾಗುತ್ತದೆ. ಹಿಟ್ಟಿನದೂ ಇದೇ ಕಥೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಹತ್ತಕ್ಕೆ ಖಾಲಿಯಾದರೆ, ಸರಿಯಾಗಿ ಹುಳಿ ಬರದ ಹಿಟ್ಟಿಗೆ ಸೋಡಾ ಹಾಕಿ ಉಬ್ಬಿಸುವವರು ಇದ್ದಾರೆ. ಸೋಡಾ ಜಾಸ್ತಿಯಾದರೆ ನಾಲಿಗೆ ಕೊನೆಯಲ್ಲಿ ಸೋಪಿನ ರುಚಿ ಬರುತ್ತದೆ. ಕಾಯಿ ಬೆಲೆ ಏರಿದರೆ ಚಟ್ನಿಯಲ್ಲಿ ಹುರಿಗಡಲೆ ಏರುತ್ತದೆ. ಇದನ್ನೆಲ್ಲ ಮನೆಯಲ್ಲಿ ದೋಸೆ ಹುಯ್ಯುವ ಯಾವ ಅಮ್ಮನನ್ನು ಕೇಳಿದರೂ ಹೇಳ್ತಾಳೆ. ಅಂದರೆ ಹಲವು ಸಲ ಹೆಸರು ತಂದ ಜನವೇ ರುಚಿಯನ್ನು ತಿಂದು ಹಾಕುತ್ತದೆ.

ಹೆಸರು ಮೊದಲು ಬಂದಿದ್ದು ಹೇಗೆ ಅಂತ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ದಾವಣಗೆರೆಯಲ್ಲಿ ಹೇಳುವ ಕಥೆಯ ಪ್ರಕಾರ, 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕಲು ಶುರು ಮಾಡಿದರು. ಆಗ ಅದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಬಂದಿದ್ದು ಆಮೇಲೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಸುತ್ತಲಿನ ಶಾಲೆ ಕಾಲೇಜಿನ ಹುಡುಗರಿಗಾಗಿ ಶುರುವಾಗಿದ್ದು ಅಂತ ಹೆಸರೇ ಹೇಳುತ್ತದೆ. ಎಂಟಿಆರ್ ಶುರುವಾಗಿದ್ದು 1924ರಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿದಾಗ, ಆ ದರಕ್ಕೆ ತಕ್ಕ ಹಾಗೆ ಗುಣಮಟ್ಟ ಇಳಿಸಲು ಮನಸ್ಸಿಲ್ಲದೆ ಅವರು ಹೋಟೆಲ್ ಬಾಗಿಲನ್ನೇ ಹಾಕಿದರು ಅಂತ ಹೇಳುತ್ತಾರೆ. ಆ ಹೊತ್ತಲ್ಲಿ ಪುಡಿ, ಮಿಕ್ಸ್ ಪ್ಯಾಕೆಟ್ ವ್ಯಾಪಾರ ಬೆಳೆಯಿತು. ಹೋಟೆಲ್ ಮತ್ತೆ ತೆರೆದಿದ್ದು ಎಷ್ಟೋ ವರ್ಷದ ನಂತರ.

ಈ ಕಥೆಗಳಲ್ಲಿ ನನಗೆ ಕಾಣುವುದು ದಿನಾ ಬರುವ ಗಿರಾಕಿ. ವಿದ್ಯಾರ್ಥಿ, ನಾಟಕ ನೋಡಲು ಬಂದವನು, ಅಂಗಡಿ ಗುಮಾಸ್ತ. ಇವತ್ತು ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ನಾಳೆ ಅವನೇ ಬಂದು ಕೇಳ್ತಾನೆ. ಎರಡು ದಿನ ಹಾಗೇ ಆದರೆ ಎದುರಿನ ಹೋಟೆಲಿಗೆ ಹೋಗ್ತಾನೆ. ಅಡುಗೆ ಭಟ್ಟರ ಕೈ ಹದದಲ್ಲಿ ಇರುವುದು ಅವನ ಭಯಕ್ಕೆ.

ಹೆಸರು ದೊಡ್ಡದಾದ ಮೇಲೆ ಗಿರಾಕಿ ಬದಲಾಗುತ್ತಾನೆ. ಜೀವಮಾನದಲ್ಲಿ ಒಂದೇ ಸಲ ಬರುವವರು, ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುವವರು ತುಂಬಿಕೊಳ್ಳುತ್ತಾರೆ. ಅವರು ಬೇಜಾರು ಮಾಡಿಕೊಂಡು ಹೋದರೂ ನಷ್ಟವಿಲ್ಲ, ನಾಳೆ ಇನ್ನೊಂದು ನೂರು ಜನ ಹೊಸಬರು ಬರ್ತಾರೆ. ದಿನಾ ಬರುತ್ತಿದ್ದವನು ಜಾಗ ಸಿಗದೆ ಬಿಟ್ಟುಬಿಡ್ತಾನೆ. ಅವನು ಹೋದ ದಿನ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಎಲ್ಲ ಹಳೆ ಹೋಟೆಲೂ ಹೀಗಾಗುವುದಿಲ್ಲ. ಎಷ್ಟು ಜನ ಬಂದರೂ ತಮ್ಮ ಲೆಕ್ಕದ ಹಿಟ್ಟು ಮುಗಿದ ಕೂಡಲೇ ಬಾಗಿಲು ಹಾಕುವವರನ್ನೂ ನೋಡಿದ್ದೇನೆ. ಅವರ ಮುಂದಿನ ಕ್ಯೂನಲ್ಲಿ ಬೇಜಾರಿಲ್ಲದೆ ನಿಲ್ಲಬಹುದು.

ಬೆಂಗಳೂರು–ಮೈಸೂರು ರಸ್ತೆ ಈ ಮಾತಿಗೆ ಒಳ್ಳೆ ಉದಾಹರಣೆ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಅಂತ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ವಾಹನಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬೈಪಾಸಿನಲ್ಲೇ ದಾಟತೊಡಗಿದವು. ಹಳೆ ರಸ್ತೆಯ ಹೋಟೆಲಿನವರು ವ್ಯಾಪಾರ ಬಿತ್ತು ಅಂತ ಗೋಳಾಡಿದರು. ರುಚಿ ಒಂದೇ ದಿನದಲ್ಲಿ ಬದಲಾಗಲಿಲ್ಲ, ರಸ್ತೆ ಬದಲಾಯಿತು. ಅಷ್ಟು ಕಾರುಗಳಲ್ಲಿ ರುಚಿಗಾಗಿ ನಿಂತಿದ್ದು ಎಷ್ಟು, ದಾರಿಯಲ್ಲಿ ಸಿಕ್ಕಿತು ಅಂತ ನಿಂತಿದ್ದು ಎಷ್ಟು ಅನ್ನುವ ಲೆಕ್ಕ ಅವತ್ತು ಸಿಕ್ಕಿತು. ಊರಿನವರೂ ಬರುತ್ತಿದ್ದ ಹೋಟೆಲಿಗೆ ಊರಿನವರಾದರೂ ಉಳಿದರು.

ಮದ್ದೂರು ವಡೆಗೆ ಇನ್ನೊಂದು ಕಷ್ಟ. ಅದು ಹುಟ್ಟಿದ್ದು ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಹಾಕಿ ತಟ್ಟಿದ ವಡೆ. ಬಿಸಿ ಇದ್ದಾಗ ಮುರಿದರೆ ಪಟ್ ಅನ್ನಬೇಕು. ಆದರೆ ನಮ್ಮಲ್ಲಿ ಎಷ್ಟೋ ಜನ ಮದ್ದೂರು ವಡೆ ಅಂತ ತಿಂದಿರುವುದು ರೈಲಿನಲ್ಲಿ ಬುಟ್ಟಿ ಹೊತ್ತು ಬಂದವರ ಹತ್ತಿರ, ತಣ್ಣಗಾಗಿ ಮೆತ್ತಗಾದ ಮೇಲೆ. "ಇದಕ್ಕಾ ಇಷ್ಟು ಹೆಸರು?" ಅಂತ ಬೈದಿರುತ್ತೇವೆ. ಬೈಸಿಕೊಂಡಿದ್ದು ಮದ್ದೂರು, ಮಾಡಿದ್ದು ಇನ್ಯಾರೋ. "ದಾವಣಗೆರೆ ಬೆಣ್ಣೆ ದೋಸೆ" ಅನ್ನುವ ಬೋರ್ಡ್ ಈಗ ಯಾವ ಊರಲ್ಲಿ ಇಲ್ಲ ಹೇಳಿ? ಹೆಸರಿಗೆ ಬಾಡಿಗೆ ಇಲ್ಲ, ಯಾರು ಬೇಕಾದರೂ ಬರೆಸಬಹುದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಇದರ ಮೇಲೆ ಈಗ ರೀಲ್ಸ್ ಬಂದಿದೆ. ಬೆಣ್ಣೆ ಸುರಿಯುವುದು, ಹಬೆ ಏಳುವುದು, ತಿಂದವನು ಕಣ್ಣು ಮುಚ್ಚಿ ತಲೆ ಆಡಿಸುವುದು, ಎಲ್ಲ ಅರ್ಧ ನಿಮಿಷದಲ್ಲಿ. ಪತ್ರಿಕೋದ್ಯಮ ಓದಿದವಳಾಗಿ ಒಂದು ಮಾತು ಹೇಳಬಲ್ಲೆ: ದುಡ್ಡು ತಗೊಂಡು ಹೊಗಳಿದರೆ ಅದು ಜಾಹೀರಾತು, ಹಾಗಂತ ಅದರಲ್ಲೇ ಬರೆದಿರಬೇಕು. ಎಷ್ಟೋ ವಿಡಿಯೋಗಳಲ್ಲಿ ಬರೆದಿರುವುದಿಲ್ಲ. ದುಡ್ಡು ತಗೊಳ್ಳದವರೂ ಕ್ಯಾಮೆರಾ ಹಿಡಿದು ಹೋದರೆ ಹೋಟೆಲಿನವರು ಅವರ ದೋಸೆಯನ್ನು ನಿಧಾನವಾಗಿ ಕೆಂಪಗೆ ಹುಯ್ದು ಕೊಡ್ತಾರೆ. ಭಾನುವಾರದ ನೂಕುನುಗ್ಗಲಲ್ಲಿ ನಮಗೆ ಸಿಗುವುದು ಆ ದೋಸೆಯಲ್ಲ. ಹಾಗಾಗಿ ಅವರು ಹೇಳಿದ್ದೂ ನಿಜ ಇರಬಹುದು, ನಮ್ಮ ನಾಲಿಗೆ ಹೇಳಿದ್ದೂ ನಿಜ ಇರಬಹುದು.

ಹೋಟೆಲಿನವರ ಕಷ್ಟವೂ ಇದೆ. ಗ್ಯಾಸ್, ಬಾಡಿಗೆ, ಉದ್ದಿನ ಬೇಳೆ ಎಲ್ಲ ಏರಿದೆ. ಬೆಂಕಿ ಮುಂದೆ ನಿಂತು ಕೆಲಸ ಮಾಡುವ ಭಟ್ಟರು ಸಿಗುವುದಿಲ್ಲ. ಇನ್ನು ಕೆಲವರು ಅದೇ ಮೇಜಿನ ಮೇಲೆ ಅಪ್ಪನ ಜೊತೆ ಮೊದಲ ದೋಸೆ ತಿಂದಿರುತ್ತಾರೆ. ಅವರು ಅಲ್ಲಿಗೆ ಹೋಗುವುದು ಆ ನೆನಪಿಗೆ. ಅವರ ಖುಷಿಯನ್ನು ಸುಳ್ಳು ಅನ್ನಲು ನಾವು ಯಾರು? ಆದರೆ ಅವರ ನೆನಪು ನಮ್ಮ ತಟ್ಟೆಗೆ ಬಡಿಸಲು ಬರುವುದಿಲ್ಲ.

ಪೇಟೆಗೆ ಹೋದಾಗ ನಾನು ಈಗ ಕೆಲವು ವಿಷಯ ನೋಡ್ತೀನಿ. ಅಲ್ಲಿ ತಿನ್ನುತ್ತಿರುವವರು ಯಾರು? ಆಟೋದವರು, ಬ್ಯಾಂಕಿನವರು, ಪಕ್ಕದ ಅಂಗಡಿಯವರು ಇದ್ದರೆ ಒಳಗೆ ಹೋಗಬಹುದು. ಎಲ್ಲರ ಕೈಯಲ್ಲೂ ಫೋನ್ ಮೇಲೆತ್ತಿದ್ದರೆ ಸ್ವಲ್ಪ ಯೋಚನೆ ಮಾಡಿ. ಹೆಸರಿನ ಹೋಟೆಲಿಗೇ ಹೋಗಬೇಕು ಅಂದರೆ ಭಾನುವಾರ ಬಿಟ್ಟು ವಾರದ ದಿನ, ಬಾಗಿಲು ತೆಗೆದ ಹೊಸದರಲ್ಲಿ ಹೋಗಿ. ಮೊದಲು ಚಟ್ನಿಯನ್ನು ಬರೀ ನಾಲಿಗೆಗೆ ಹಚ್ಚಿ ನೋಡಿ. ದೋಸೆ ಆರಿ ಬಂದರೆ ವಾಪಸ್ ಕೊಟ್ಟು ಬಿಸಿಯದು ಕೇಳಿ. ದುಡ್ಡು ಕೊಟ್ಟು ತಿನ್ನುವಾಗ ಸಂಕೋಚ ಯಾಕೆ?

ಇಷ್ಟು ಬರೆಯಲು ಇನ್ನೊಂದು ಕಾರಣ ನಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲ್. ತಗಡಿನ ಮಾಡು, ಎರಡು ಬೆಂಚು. ಎಲ್ಲರೂ ಕರೆಯುವುದು ಹೋಟ್ಲಕ್ಕ ಅಂತ. ಬೆಳಗ್ಗೆ ಪಡ್ಡು, ಉಪ್ಪಿಟ್ಟು. ಸಂಜೆ ಮಂಡಕ್ಕಿ, ಮೆಣಸಿನಕಾಯಿ. ಮೊದಲು ದಿನಕ್ಕೆ ಐದು ಸೇರು ಅಕ್ಕಿ ನೆನೆ ಹಾಕುತ್ತಿದ್ದಳಂತೆ, ಈಗ ಎರಡು. "ಹುಡುಗ್ರೆಲ್ಲ ಭಾನುವಾರ ಬೈಕ್ ತಗೊಂಡು ದಾವಣಗೆರೆಗೆ ಹೋಗ್ತಾರೆ. ಪೆಟ್ರೋಲ್ ದುಡ್ಡಲ್ಲಿ ಇಲ್ಲಿ ವಾರಪೂರ್ತಿ ತಿನ್ನಬೋದು" ಅಂತ ನಗುತ್ತಾಳೆ. ನಗುತ್ತಲೇ ಹೇಳಿದರೂ ಮುಂದಿನ ಯುಗಾದಿವರೆಗೆ ನೋಡ್ತೀನಿ, ಆಗದಿದ್ದರೆ ಮುಚ್ತೀನಿ ಅಂದಿದ್ದಾಳೆ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಅವಳ ಪಡ್ಡು ಲೋಕದಲ್ಲೇ ಇಲ್ಲದಂಥದ್ದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನಾನೂ ರೀಲ್ಸ್ ಮಾಡಿದ ಹಾಗೆ. ಕೆಲವು ದಿನ ಚಟ್ನಿಗೆ ಖಾರ ಜಾಸ್ತಿ ಇರುತ್ತದೆ. ಮೊನ್ನೆ ನಮ್ಮ ಬೀದಿಯ ಅಜ್ಜ ಒಬ್ಬರು ಬೆಂಚಿನ ಮೇಲೆ ಕೂತು, "ಏನವ್ವಾ, ಮೆಣಸಿನಕಾಯಿ ಪುಕ್ಕಟೆ ಬಂದಿತ್ತಾ?" ಅಂತ ಎಲ್ಲರ ಮುಂದೆ ಕೇಳಿದರು. ಅವಳು ಒಳಗಿಂದಲೇ ಬೈದಳು. ಮಾರನೇ ದಿನ ಚಟ್ನಿ ಸರಿಯಾಗಿತ್ತು.