ಎರಡು ಗಡಿಯಾರ, ಒಂದು ಹಾಡು

ಶಿವರಾತ್ರಿ ಬಂತೆಂದರೆ ಕೆ.ಆರ್. ನಗರದ ಕಡೆ ಕಪ್ಪಡಿ ಜಾತ್ರೆಯ ಸಡಗರ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಕುಳಿತರೆ ಹೊತ್ತು ಹೋದದ್ದು ಹಾಡುವವರಿಗೂ ತಿಳಿಯದು, ಕೇಳುವವರಿಗೂ ತಿಳಿಯದು. ಹಿಂದೆ ಅದನ್ನು ಕೇಳಿ ಮನೆಗೆ ಹೋಗುತ್ತಿದ್ದರು. ಈಗ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಲೇಜು ಹುಡುಗರ ಕೈಯಲ್ಲೆಲ್ಲ ಧ್ವನಿಮುದ್ರಣ ಮಾಡಬಲ್ಲ ಮೊಬೈಲು ಇದೆ. ಕೆಲವರ ಮನೆಯ ಮೂಲೆಯಲ್ಲಿ ಕಂಪ್ಯೂಟರ್, ಒಂದು ಮೈಕು, ಗೋಡೆಗೆ ನೇತುಹಾಕಿದ ಹಳೇ ಕಂಬಳಿ. ಅದೇ ಅವರ ಸ್ಟುಡಿಯೋ.

ಇದನ್ನು ಕಂಡು ನಗಬೇಕಾಗಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ‘ಆಕಾಶವಾಣಿ’ಯನ್ನು ಶುರು ಮಾಡಿದ್ದು ತಮ್ಮ ಮನೆಯಲ್ಲೇ.

ಮೂವರು ಗೆಳೆಯರು ಒಬ್ಬ ವಯಸ್ಸಾದ ನೀಲಗಾರರ ಪದ ಮುದ್ರಿಸಲು ಹೊರಟರು ಎಂದಿಟ್ಟುಕೊಳ್ಳಿ. ಒಂದೇ ಮೊಬೈಲಿನಲ್ಲಿ ಹಿಡಿದರೆ ತಾಳದ ಸದ್ದು ಮಾತನ್ನು ನುಂಗುತ್ತದೆ. ಆದ್ದರಿಂದ ಒಂದನ್ನು ಹಾಡುವವರ ಮುಂದೆ, ಒಂದನ್ನು ಹಿಮ್ಮೇಳದ ಬಳಿ, ಇನ್ನೊಂದನ್ನು ತಂಬೂರಿಯ ಪಕ್ಕ ಇಡುತ್ತಾರೆ. ಯೋಚನೆಯೇನೋ ಸರಿ. ಮನೆಗೆ ಬಂದು ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಜೋಡಿಸಿ, ಮೊದಲ ಸಾಲಿಗೆ ಸರಿಯಾಗಿ ಕೂರಿಸಿ ಹಚ್ಚಿದರೆ, ಆಹಾ ಎನಿಸುವಂತಿರುತ್ತದೆ. ಹತ್ತು ನಿಮಿಷ ಕಳೆಯಲಿ, ತಾಳ ಮಸುಕಾಗುತ್ತದೆ. ಅರ್ಧ ಗಂಟೆಯಾಗಲಿ, ಹಿಮ್ಮೇಳ ಬೇರೆ ಊರಿನಲ್ಲಿ ಕುಳಿತು ಹಾಡಿದ ಹಾಗೆ! ಹುಡುಗರು ಒಬ್ಬರ ಮೊಬೈಲನ್ನು ಇನ್ನೊಬ್ಬರು ಹಳಿಯುತ್ತಾರೆ.

ಮೊಬೈಲಿನದು ತಪ್ಪಲ್ಲ. ಡಿಜಿಟಲ್ ಯಂತ್ರ ಧ್ವನಿಯನ್ನು ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಸೆಕೆಂಡು ಎಷ್ಟುದ್ದ ಎಂದು ಅದಕ್ಕೆ ಹೇಳುವುದು ಒಳಗಿರುವ ಕ್ವಾರ್ಟ್ಜ್ ಹರಳು, ಅಂದರೆ ಕೈಗಡಿಯಾರದಲ್ಲಿರುವಂಥದೇ. ಯಾವ ಎರಡು ಹರಳೂ ತದ್ವತ್ತಾಗಿ ಕಂಪಿಸುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚು ಕಡಿಮೆ ಸಾಮಾನ್ಯ. ಒಂದು 20 ಮುಂದೆ, ಇನ್ನೊಂದು 20 ಹಿಂದೆ ಇದ್ದರೆ ಹತ್ತು ನಿಮಿಷಕ್ಕೆ 24 ಮಿಲಿಸೆಕೆಂಡು, ಒಂದು ಗಂಟೆಗೆ 144 ಮಿಲಿಸೆಕೆಂಡು ಅಂತರ ಬೀಳುತ್ತದೆ. ಕೈಗಡಿಯಾರದಲ್ಲಿ ಯಾರೂ ಗಮನಿಸದ ಈ ತಪ್ಪನ್ನು ಕಿವಿ ಕ್ಷಮಿಸುವುದಿಲ್ಲ. (ಇಷ್ಟರ ಮೇಲೆ ಒಬ್ಬ 44,100ಕ್ಕೆ, ಇನ್ನೊಬ್ಬ 48,000ಕ್ಕೆ ಇಟ್ಟಿದ್ದು, ಜೋಡಿಸುವಾಗ ಕಂಪ್ಯೂಟರಿಗೆ ಅದನ್ನು ಸರಿಯಾಗಿ ತಿಳಿಸದಿದ್ದರೆ ಕತೆ ಮುಗಿಯಿತು. ಹತ್ತು ನಿಮಿಷದ ಪದ ಸುಮಾರು 53 ಸೆಕೆಂಡು ಉದ್ದವಾಗಿ, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ.)

ದೊಡ್ಡ ಸ್ಟುಡಿಯೋಗಳೂ ಈ ತೊಂದರೆಯಲ್ಲಿ ಬಿದ್ದು ಎದ್ದವೇ. 1967ರ ಫೆಬ್ರುವರಿಯಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ಹಾಡೊಂದಕ್ಕೆ ನಾಲ್ಕು ಟ್ರ್ಯಾಕಿನ ಒಂದು ಟೇಪ್ ಯಂತ್ರ ಸಾಲಲಿಲ್ಲ. ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರ್ ಮೊದಲ ಯಂತ್ರದ ಒಂದು ಟ್ರ್ಯಾಕಿನಲ್ಲಿ 50 ಆವರ್ತನದ ನಾದ ತುಂಬಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರು ತಿರುಗುವಂತೆ ಮಾಡಿದರು. ವೇಗವೇನೋ ಒಂದಾಯಿತು. ಆದರೆ ಎರಡನ್ನೂ ಒಂದೇ ಜಾಗದಿಂದ ಹೊರಡಿಸುವುದು ಮಾತ್ರ ಕೈಚಳಕಕ್ಕೇ ಬಿಟ್ಟದ್ದು.

ವೇಗ ಬೇರೆ, ಜಾಗ ಬೇರೆ. ವಿದ್ಯಾರ್ಥಿಗಳು ಗಟ್ಟಿಮಾಡಿಕೊಳ್ಳಬೇಕಾದದ್ದು ಇದನ್ನೇ. ಮೈಸೂರಿನಿಂದ ಎರಡು ಬಸ್ಸು ಒಟ್ಟಿಗೆ ಪಿರಿಯಾಪಟ್ಟಣಕ್ಕೆ ಹೊರಟವು ಅನ್ನಿ. ಒಟ್ಟಿಗೆ ಹೊರಟ ಮಾತ್ರಕ್ಕೆ ಹುಣಸೂರನ್ನು ಒಟ್ಟಿಗೆ ಮುಟ್ಟುತ್ತವೆಯೇ? ಒಂದೇ ವೇಗದಲ್ಲಿ ಓಡಿದರೂ ಒಂದು ಬಿಳಿಕೆರೆಯಿಂದ ಹೊರಟಿದ್ದರೆ ಜೊತೆ ಕೂಡುವುದುಂಟೇ? ಮೈಲಿಗಲ್ಲಿನ ಕೆಲಸ ಮಾಡುವುದು ಟೈಮ್‌ಕೋಡ್. ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂದು ಟೇಪಿನ ಪ್ರತಿಯೊಂದು ಜಾಗಕ್ಕೂ ಅದು ವಿಳಾಸ ಬರೆಯುತ್ತದೆ. ಚಕ್ರದ ವೇಗ ಕಾಯುವುದು ವರ್ಡ್ ಕ್ಲಾಕ್. 1992ರಲ್ಲಿ ಅಲೆಸಿಸ್ ಕಂಪನಿಯ ‘ಎಡಾಟ್’ ಯಂತ್ರ ಬಂದಾಗ ಮನೆ ಸ್ಟುಡಿಯೋದವರು ಹಿಗ್ಗಿದ್ದು ಇದಕ್ಕಾಗಿ. ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನಲ್ಲಿ 8 ಟ್ರ್ಯಾಕು. ಒಂದು ಕೇಬಲಿನಿಂದ ಯಂತ್ರಕ್ಕೆ ಯಂತ್ರ ಪೋಣಿಸುತ್ತ ಹೋದರೆ 16 ಯಂತ್ರ, 128 ಟ್ರ್ಯಾಕು. ಮೊದಲನೆಯದು ಯಜಮಾನ, ಉಳಿದವು ತಮ್ಮ ಗಡಿಯಾರ ಮರೆತು ಅದರ ಮಾತು ಕೇಳಬೇಕು. ಇಬ್ಬರು ಯಜಮಾನರಾದರೆ ಚಟಚಟ ಸದ್ದು ಗ್ಯಾರಂಟಿ. ಕೂಡು ಕುಟುಂಬ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮೊಬೈಲುಗಳನ್ನು ಹಾಗೆ ಪೋಣಿಸಲಾಗದು. ಇಲ್ಲಿ ತಂದೆತಾಯಿಯರಿಗೆ ಒಂದು ಮಾತು. ಮಗ ಹೊಸ ಯಂತ್ರ ಬೇಕೆಂದು ಹಟ ಹಿಡಿದರೆ ತಕ್ಷಣ ಸಾಲಕ್ಕೆ ಓಡಬೇಕಾಗಿಲ್ಲ. ‘ಓದು ಬಿಟ್ಟು ಇದೆಂಥ ಹುಚ್ಚು’ ಎಂದು ಬೈಯಬೇಕಾಗಿಯೂ ಇಲ್ಲ. ಕಂಪನ, ಆವರ್ತನ, ಅನುಪಾತ ಎಲ್ಲ ಅವನ ಪಠ್ಯಪುಸ್ತಕದಲ್ಲೇ ಇವೆ. ಸರಗೂರಿನಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯೇ ಹುಟ್ಟಿಕೊಂಡಿತಲ್ಲ, ಅಂಥ ಕಡೆ ಈ ಕೆಲಸ ಬಲ್ಲವರು ಬೇಕೇ ಬೇಕು.

ಹುಡುಗರಿಗೆ ಬೇಕಾದದ್ದು ಎರಡು ಚಪ್ಪಾಳೆ, ಅಷ್ಟೇ. ಒಂದೇ ಚಪ್ಪಾಳೆ ಹೊಡೆದು ಶುರು ಮಾಡುವುದು ಅನೇಕರಿಗೆ ಗೊತ್ತು. ಅದು ಹೊರಟ ಜಾಗವನ್ನಷ್ಟೇ ಹೇಳುತ್ತದೆ. ಮೂರೂ ಮೊಬೈಲನ್ನು ಚಾಪೆಯ ಮೇಲೆ ಒತ್ತಟ್ಟಿಗಿಟ್ಟು, ಮುದ್ರಣ ಚಾಲೂ ಮಾಡಿ, ಒಮ್ಮೆ ಜೋರಾಗಿ ತಟ್ಟಬೇಕು. ಒತ್ತಟ್ಟಿಗೇ ಏಕೆಂದರೆ ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ದೂರದೂರ ಇಟ್ಟರೆ ಅಳತೆಯಲ್ಲೇ ಕಲಬೆರಕೆ. ಆಮೇಲೆ ಮೊಬೈಲುಗಳನ್ನು ತಂತಮ್ಮ ಜಾಗಕ್ಕೆ ಒಯ್ದಿಡಬೇಕು. ಪದ ಮುಗಿದ ಕೂಡಲೇ ನಿಲ್ಲಿಸಬಾರದು. ಮತ್ತೆ ಚಾಪೆಗೆ ತಂದು ಇನ್ನೊಂದು ಚಪ್ಪಾಳೆ.

ಈ ಎರಡನೆಯದನ್ನು ಮರೆತರೆ ಕಷ್ಟ. ಅಜ್ಜ ಅದೇ ಪದವನ್ನು ನಾಳೆ ಹಾಡಿಯಾರು. ಆದರೆ ಇವತ್ತು ಎಳೆದ ಕಡೆ ಎಳೆಯುವುದಿಲ್ಲ, ಇವತ್ತು ಬಂದ ಮಾತು ಬರುವುದಿಲ್ಲ. ಮುಂದಿನ ಶಿವರಾತ್ರಿಗೆ ಆ ಕಂಠವೇ ಇರುತ್ತದೆಂದು ಯಾರು ಹೇಳಬಲ್ಲರು?

ಎರಡೂ ಇದ್ದರೆ ಉಳಿದದ್ದು ಏಳನೇ ತರಗತಿಯ ಲೆಕ್ಕ. ಹಾಡುವವರ ಮುಂದಿದ್ದ ಮೊಬೈಲಿನಲ್ಲಿ ಚಪ್ಪಾಳೆಗಳ ನಡುವೆ 1,800 ಸೆಕೆಂಡು ಇದೆ, ಹಿಮ್ಮೇಳದ್ದರಲ್ಲಿ 1,800.054 ಇದೆ ಎನ್ನೋಣ. ಮೊದಲನೆಯದನ್ನು ಯಜಮಾನನಾಗಿ ಉಳಿಸಿಕೊಂಡು, ಎರಡನೆಯದರ ಪ್ರತಿ ತೆಗೆದು (ಮೂಲವನ್ನು ಮುಟ್ಟಬಾರದು), ಇಡೀ ಉದ್ದಕ್ಕೂ ಸಮವಾಗಿ ಆ 54 ಮಿಲಿಸೆಕೆಂಡಿನಷ್ಟು ಕುಗ್ಗಿಸಬೇಕು. ಅಡಾಸಿಟಿಯಂಥ ಪುಕ್ಕಟೆ ತಂತ್ರಾಂಶದಲ್ಲೂ ವೇಗ ಬದಲಿಸಲು ಬರುತ್ತದೆ. ಬಳಿಕ ಮೊದಲ ಚಪ್ಪಾಳೆಗೆ ಮೊದಲ ಚಪ್ಪಾಳೆ ಕೂರಿಸಿ, ಕೊನೆಯದು ಕೂಡಿತೇ ಎಂದು ಕಿವಿಗೊಟ್ಟು ಕೇಳಬೇಕು. ಎರಡೂ ಸೇರಿ ಒಂದೇ ಏಟು ಕೇಳಿಸಿದರೆ ತಂಬೂರಿಯ ಮುದ್ರಣವನ್ನು ಕೈಗೆತ್ತಿಕೊಳ್ಳಬಹುದು.