ಬೈಲಕುಪ್ಪೆಯ ಗೋಡೆಗಳ ಮೇಲೆ ಟಿಬೆಟ್

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕುಶಾಲನಗರಕ್ಕೆ ಸ್ವಲ್ಪ ಮೊದಲು ಸಿಗುವ ಊರು ಬೈಲಕುಪ್ಪೆ. ಮುಸುಕಿನ ಜೋಳದ ಹೊಲಗಳ ಆಚೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಕಂಡವೆಂದರೆ ಟಿಬೆಟನ್ನರ ಶಿಬಿರ ಬಂತೆಂದೇ ಅರ್ಥ.

1959ರಲ್ಲಿ ದಲೈಲಾಮ ಅವರನ್ನು ಹಿಂಬಾಲಿಸಿ ಸಾವಿರಾರು ಜನ ತಾಯ್ನಾಡು ತೊರೆದು ಭಾರತಕ್ಕೆ ಬಂದರು. ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಹಿಮನಾಡಿನವರು ಕಾಡು ಕಡಿದು, ಬಿಸಿಲು ಮತ್ತು ಆನೆಗಳ ಕಾಟ ಸಹಿಸಿ ಊರು ಕಟ್ಟಿದರು. 1963ರಲ್ಲಿ ಪೆನೊರ್ ರಿಂಪೋಚೆ ನಮ್‌ಡ್ರೋಲಿಂಗ್ ಮಠ ಆರಂಭಿಸಿದರು. ಅಲ್ಲಿನ ಸ್ವರ್ಣಮಂದಿರ ತೆರೆದದ್ದು 1999ರಲ್ಲಿ.

ಒಳಹೊಕ್ಕವರ ಕಣ್ಣು ಮೊದಲು ಹೋಗುವುದು 60 ಅಡಿ ಎತ್ತರದ ಬುದ್ಧನತ್ತ. ಆದರೆ ಸುತ್ತಲಿನ ಗೋಡೆಗಳನ್ನೂ ಓದಬೇಕು. ಅಲ್ಲಿರುವುದು ಟಿಬೆಟನ್ನರ ಸಾಂಪ್ರದಾಯಿಕ ಚಿತ್ರಶೈಲಿ. ಇದೇ ಶೈಲಿಯಲ್ಲಿ ಬಟ್ಟೆಯ ಮೇಲೆ ಬರೆದ ಚಿತ್ರ ಥಂಕಾ. ಬಟ್ಟೆಗೆ ಸುಣ್ಣದ ಪುಡಿ, ಅಂಟು ಸವರಿ, ಉಜ್ಜಿ ನುಣುಪಾಗಿಸುತ್ತಾರೆ. ನಂತರ ಗೆರೆಗಳ ಚೌಕಟ್ಟು ಹಾಕಿಕೊಂಡು ಮೂರ್ತಿಯ ಪ್ರಮಾಣ ಗುರುತಿಸುತ್ತಾರೆ. ಕಣ್ಣು ಬರೆಯುವುದು ಕೊನೆಗೆ. ಸಾಮಾನ್ಯವಾಗಿ ಕಲಾವಿದ ತನ್ನ ಹೆಸರು ಹಾಕುವುದಿಲ್ಲ.

ಮೂರ್ತಿಯ ಅಳತೆ ಬದಲಿಸುವ ಸ್ವಾತಂತ್ರ್ಯವೂ ಅವನಿಗಿಲ್ಲ. ನೆಲ ಕಳೆದುಕೊಂಡವರಿಗೆ ಈ ಕಟ್ಟುನಿಟ್ಟೇ ಆಸರೆ. ಮನೆ, ಮಠಗಳನ್ನು ಹೊತ್ತು ತರಲಾಗದು. ಥಂಕಾವನ್ನು ಸುರುಳಿ ಸುತ್ತಿ ತರಬಹುದು, ಅಳತೆಗಳನ್ನು ನೆನಪಿನಲ್ಲಿ ತರಬಹುದು. ಇಲ್ಲೇ ಹುಟ್ಟಿ, ಪೇಟೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಟಿಬೆಟನ್ನು ಕಂಡಿಲ್ಲ. ಅದರ ಹಿಮಪರ್ವತಗಳು ಅವರಿಗೆ ಪರಿಚಯವಾಗುವುದು ಹಿರಿಯರ ಮಾತಿನಿಂದ, ಇಂಥ ಚಿತ್ರಗಳಿಂದ.

ಮಕ್ಕಳೊಡನೆ ಹೋಗುವ ಹೆತ್ತವರು ಫೋಟೊಗೆ ಅವಸರಿಸದೆ, ಒಂದೇ ಗೋಡೆಯ ಮುಂದೆ ಹತ್ತು ನಿಮಿಷ ಸದ್ದಿಲ್ಲದೆ ನಿಲ್ಲುವುದು ಒಳ್ಳೆಯದು. ಊರು ಬಿಟ್ಟು ಬಂದವರು ಊರನ್ನು ಹೇಗೆ ಉಳಿಸಿಕೊಂಡರೆಂಬುದು ಅಲ್ಲಿ ಬಣ್ಣಗಳಲ್ಲೇ ಕಾಣುತ್ತದೆ.