ಹುಚ್ಚೆಳ್ಳಿಲ್ಲದ ಹೊಲ

ರಾಗಿ ಹೊಲವೆಂದರೆ ಬರೀ ರಾಗಿಯ ಹೊಲವಲ್ಲ ಎಂಬ ಕಾಲವೊಂದಿತ್ತು. ತುಮಕೂರು, ಕೋಲಾರ, ರಾಮನಗರದ ಕಡೆ ಕೂರಿಗೆಯಲ್ಲಿ ರಾಗಿ ಬೀಳುತ್ತಿದ್ದರೆ ಹಿಂದೆ ಕಟ್ಟಿದ ಸಡ್ಡೆಯಲ್ಲಿ ಅಕ್ಕಡಿ ಕಾಳು ಬೀಳುತ್ತಿತ್ತು. ಅವರೆ, ತೊಗರಿ, ಅಲಸಂದೆ, ಜೋಳ, ನಡುನಡುವೆ ಸಾಸಿವೆ, ಹುಚ್ಚೆಳ್ಳು. ಸಡ್ಡೆ ಹಿಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಮಡಿಲಿನ ಯಾವ ಕಾಳನ್ನು ಎಷ್ಟು ಬಿಡಬೇಕೆಂಬುದು ನಮ್ಮಜ್ಜಿಯ ಬೆರಳಿಗೆ ಗೊತ್ತಿತ್ತು.

ದಸರಾ ಹೊತ್ತಿಗೆ ಹುಚ್ಚೆಳ್ಳು ಹೂಬಿಟ್ಟರೆ ಹೊಲದುದ್ದಕ್ಕೂ ಹಳದಿ ಸಾಲು. ಬಿಸಿಲೇರುವಾಗ ಬದುವಿನ ಮೇಲೆ ನಿಂತರೆ ಜುಂಯ್ ಎನ್ನುವ ಸದ್ದು. ತುಡುವೆ, ಕೋಲುಜೇನು, ಹೆಜ್ಜೇನು ಎಲ್ಲಕ್ಕೂ ಅಲ್ಲಿ ಜಾಗವಿತ್ತು. ತೊಗರಿ ಹೂವಿನ ಮೇಲೆ ಕರಿ ದುಂಬಿ ಬಂದು ಕೂತರೆ ಅದರ ಭಾರಕ್ಕೆ ಇಡೀ ಗೊಂಚಲು ಬಾಗುತ್ತಿತ್ತು.

ರಾಗಿಗೆ ಜೇನಿನ ಹಂಗಿಲ್ಲ, ತನ್ನಷ್ಟಕ್ಕೆ ಕಾಳು ಕಟ್ಟುತ್ತದೆ. ಅದಕ್ಕೇ ಅಕ್ಕಡಿ ಹೋದದ್ದು ಯಾರಿಗೂ ತಟ್ಟಲಿಲ್ಲ. ಕಳೆನಾಶಕ ಬಂತು. ಅಗಲ ಎಲೆಯದ್ದನ್ನೆಲ್ಲ ಸುಡುವ ಆ ಔಷಧಿಗೆ ಅವರೆಯೂ ಒಂದೇ, ತುಂಬೆಯೂ ಒಂದೇ. ಆಮೇಲೆ ಕೊಯ್ಲಿನ ಯಂತ್ರ ಬಂತು, ಅದಕ್ಕೆ ಒಂದೇ ಬೆಳೆ ಬೇಕು. ಆಳು ಸಿಗದ ರೈತನನ್ನು ಬೈದು ಏನು ಬಂತು?

ಜೇನಿಗೆ ಬೇಕಾದ್ದು ಒಂದು ತಿಂಗಳ ಹಬ್ಬದೂಟವಲ್ಲ, ವರ್ಷವಿಡೀ ಅನ್ನ. ಯುಗಾದಿ ಆಸುಪಾಸಿನಲ್ಲಿ ಹೊಂಗೆ, ಬೇವು, ಆಮೇಲೆ ಹುಣಸೆ, ಮಳೆ ಬಿದ್ದ ಮೇಲೆ ತುಂಬೆ, ದಸರಾಕ್ಕೆ ಹುಚ್ಚೆಳ್ಳು, ಚಳಿಗೆ ಅವರೆ. ಒಂದು ಹೂ ಮುಗಿಯುವಾಗ ಇನ್ನೊಂದು ಸಿದ್ಧವಿರಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣದ ತುಡುವೆ ಗೂಡುಗಳನ್ನು ನೆಲಕಚ್ಚಿಸಿತು. ರೋಗಕ್ಕೆ ಹೊಲವನ್ನು ದೂರಲಾಗದು. ಬದುಕುಳಿದ ಹುಳಕ್ಕೆ ಹೂವಿಲ್ಲದಂತೆ ಮಾಡಿದವರು ಮಾತ್ರ ನಾವೇ.

ಹಿತ್ತಲಿನ ಕುಂಬಳವನ್ನೇ ನೋಡಿ. ಹೆಣ್ಣು ಹೂವು ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಜೇನು ಮುಟ್ಟದಿದ್ದರೆ ಬುಡದ ಹೀಚು ಹಳದಿಗಟ್ಟಿ ಉದುರುತ್ತದೆ. ಈಗ ನಮ್ಮ ಮನೆಯಲ್ಲಿ ಗಂಡು ಹೂ ಕಿತ್ತು, ದಳ ಸುಲಿದು, ಹೆಣ್ಣು ಹೂವಿಗೆ ಉಜ್ಜುತ್ತೇವೆ. ಹುಳ ಪುಕ್ಕಟೆ ಮಾಡುತ್ತಿದ್ದ ಕೆಲಸ! ಹುಚ್ಚೆಳ್ಳಿನಲ್ಲಿ ಈ ಉಪಾಯ ನಡೆಯದು. ಅದರದೇ ಗಿಡದ ಪರಾಗ ಅದಕ್ಕೆ ಒಗ್ಗುವುದಿಲ್ಲ, ಅಷ್ಟೊಂದು ಸಣ್ಣ ಹೂವುಗಳಿಗೆ ಪಕ್ಕದ ಗಿಡದ ಪರಾಗ ತಂದು ಉಜ್ಜುವವರು ಯಾರು? ಚಟ್ನಿಪುಡಿಗೆ ಹುಚ್ಚೆಳ್ಳನ್ನು ಅಂಗಡಿಯಿಂದ ತರುತ್ತೇವೆ.

ಬರುವ ಮಳೆಗೆ ರಾಗಿ ಬಿತ್ತುವವರಲ್ಲಿ ಒಂದು ಕೇಳಿಕೆ. ಯಂತ್ರ ಓಡಾಡುವಷ್ಟು ಜಾಗ ಅದಕ್ಕೇ ಇರಲಿ, ಬದುವಿನ ಪಕ್ಕ ಎರಡು ಸಾಲು ಹುಚ್ಚೆಳ್ಳು, ಅವರೆ ಹಾಕಿ. ಬದುವಿನ ತುಂಬೆಗೆ ಔಷಧಿ ಹೊಡೆಯಬೇಡಿ.